ಶಾಲೆಗೆ ಮರಳುವ ದಿನ: ನಮ್ಮ ಕರಾವಳಿಯಲ್ಲಿ ರೋಗ, ಭಯ ಮತ್ತು ಬೆಂಚಿನ ಕಥೆ

ನಾವು ಹಳ್ಳಿಯ ಕನ್ನಡ ಶಾಲೆಗಳಲ್ಲಿ ಓದಿದವರು. ಬೇಸಿಗೆ ಹತ್ತಿರ ಬಂದಾಗ ನಮ್ಮ ತರಗತಿಯಲ್ಲಿ ಯಾರಾದರೊಬ್ಬರಿಗೆ ಸೀತಾಳೆ ಸಿಡುಬು ಬರುತ್ತಿತ್ತು. 'ಅವನಿಗೆ ಅಮ್ಮ ಬಂದಿದೆಯಂತೆ' ಎಂಬ ಸುದ್ದಿ ಮಾಸ್ಟ್ರು ಹಾಜರಿ ಕರೆಯುವ ಮೊದಲೇ ನಮಗೆ ಗೊತ್ತಾಗಿರುತ್ತಿತ್ತು. ಆ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಎರಡು ವಾರ ಕಳೆದು, ಕಹಿಬೇವಿನ ಸೊಪ್ಪು ಹಾಕಿದ ನೀರಿನಲ್ಲಿ ಸ್ನಾನ ಮುಗಿಸಿ ಹುಡುಗ ಶಾಲೆಗೆ ಬರುತ್ತಿದ್ದ. ಮುಖದಲ್ಲಿ ಕಲೆಗಳು ಇನ್ನೂ ಹಾಗೇ ಇರುತ್ತಿದ್ದವು. ಆದರೂ ಪಕ್ಕದಲ್ಲಿ ಕೂರಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ತಪ್ಪಿಹೋದ ನೋಟ್ಸನ್ನು ನಾವೇ ಬರೆದು ಕೊಡುತ್ತಿದ್ದೆವು.

ಅದೇ ತರಗತಿಯಲ್ಲಿ ಕೈಮೇಲೆ ಬಿಳಿ ಮಚ್ಚೆಗಳಿದ್ದ ಒಬ್ಬಳು ಹುಡುಗಿ ಇದ್ದಳು. ಅದು ತೊನ್ನು. ಯಾರಿಂದ ಯಾರಿಗೂ ಹರಡುವುದಿಲ್ಲ. ಆದರೆ ಊರಿನ ಬಾಯಲ್ಲಿ ಅದಕ್ಕೆ 'ಬಿಳಿ ಕುಷ್ಠ' ಎಂಬ ಹೆಸರಿತ್ತು. ಬಿಸಿಯೂಟದ ಸಾಲಿನಲ್ಲಿ ಅವಳ ಪಕ್ಕ ಒಂದು ತಟ್ಟೆ ಇಡುವಷ್ಟು ಜಾಗ ಏಳನೇ ತರಗತಿ ಮುಗಿಯುವವರೆಗೂ ಖಾಲಿ ಉಳಿಯಿತು. ಆ ಜಾಗ ಬಿಟ್ಟು ಕೂತವರಲ್ಲಿ ನಾವೂ ಇದ್ದೆವು.

ಗಾಳಿಯಲ್ಲಿ ಹರಡುವ ರೋಗ ಬಂದವನನ್ನು ಎರಡೇ ವಾರದಲ್ಲಿ ಒಳಗೆ ಕರೆದುಕೊಂಡೆವು. ಹರಡದ ಮಚ್ಚೆ ಇದ್ದವಳನ್ನು ವರ್ಷಗಟ್ಟಲೆ ದೂರ ಇಟ್ಟೆವು. ಹಾಗಾದರೆ ನಮಗಿದ್ದದ್ದು ಸೋಂಕಿನ ಭಯವಲ್ಲ. ಬೇರೇನೋ. ಅದು ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ನಂದಿಕೂರಿನ ಜಂಕ್ಷನ್‌ನಲ್ಲಿ ನಿಂತರೆ ಪಶ್ಚಿಮಕ್ಕೆ ಪಡುಬಿದ್ರಿ, ಅಲ್ಲಿಂದ ಉತ್ತರಕ್ಕೆ ಕಾಪು, ಉಡುಪಿ, ಮಣಿಪಾಲ. ದಕ್ಷಿಣಕ್ಕೆ ಮಂಗಳೂರಿನ ಕಂಕನಾಡಿ. ಪೂರ್ವಕ್ಕೆ ಕಾರ್ಕಳ. ಈ ಸುತ್ತಳತೆಯಲ್ಲೇ ಆ ಚರಿತ್ರೆಯ ಹೆಚ್ಚಿನ ಭಾಗ ಸಿಗುತ್ತದೆ.

ಮಾರಿ ಬರುತ್ತಾಳೆ, ಹೋಗುತ್ತಾಳೆ

ಕಾಪುವಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಸಲ ಮಾರಿಪೂಜೆ ನಡೆಯುತ್ತದೆ: ಸುಗ್ಗಿ, ಆಟಿ, ಜಾರ್ದೆ. ಇವತ್ತು ಅದು ದೂರದೂರಿನ ಜನ ಸೇರುವ ದೊಡ್ಡ ಜಾತ್ರೆ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಮಾರಿ ಎಂದರೆ ಮೊದಲು ನೆನಪಾಗುತ್ತಿದ್ದದ್ದು ಸಿಡುಬು, ಕಾಲರಾ. ಊರಿಗೆ ಊರೇ ಮಲಗಿದ ವರ್ಷಗಳ ನೆನಪು ಆ ಪೂಜೆಯ ಹಿಂದಿದೆ.

ಆ ನಂಬಿಕೆಯಲ್ಲಿ ರೋಗ ಎಂದರೆ ಹೊರಗಿಂದ ಬಂದ ಒಬ್ಬ ತಾಯಿ. ಬಂದವಳನ್ನು ಗೌರವದಿಂದ ಕಂಡು, ಕೊಡಬೇಕಾದ್ದನ್ನು ಕೊಟ್ಟು, ಗಡಿ ದಾಟಿಸಿ ಕಳಿಸಬೇಕು. ರೋಗಿ ಅವಳು ಕೆಲವು ದಿನ ತಂಗಿದ ಮನೆ, ಅಷ್ಟೇ. ಆ ದಿನಗಳಲ್ಲಿ ರೋಗಿಯನ್ನು ಬೇರೆ ಇಡುತ್ತಿದ್ದರು, ಮನೆಗೆ ಹೊರಗಿನವರು ಬರುತ್ತಿರಲಿಲ್ಲ. ಆಮೇಲೆ ಸ್ನಾನ. ಸ್ನಾನ ಆದರೆ ಮುಗಿಯಿತು, ರೋಗಿ ಮತ್ತೆ ಎಲ್ಲರಂತೆ. ಆಟಿ ತಿಂಗಳ ಸುರಿಯುವ ಮಳೆಯಲ್ಲಿ ತಾಳೆಗರಿಯ ಕೊಡೆ ಹಿಡಿದು ಮನೆಯಂಗಳಕ್ಕೆ ಬರುವ ಆಟಿ ಕಳೆಂಜನ ಕೆಲಸವೂ ಇದೇ. ಅಕ್ಕಿ, ತೆಂಗಿನಕಾಯಿ, ಅರಸಿನ, ಮಸಿ ಪಡೆದು, ಕುಣಿದು, ಊರಿನ ಮಾರಿಯನ್ನು ಕಳೆದು ಹೋಗುತ್ತಾನೆ.

ಇದನ್ನು ನಾವು ಹೊಗಳಲು ಹೇಳುತ್ತಿಲ್ಲ. ಪೂಜೆಯಿಂದ ಸಿಡುಬು ಹೋಗಲಿಲ್ಲ, ಲಸಿಕೆಯಿಂದ ಹೋಯಿತು. ಭಾರತದಲ್ಲಿ ಕೊನೆಯ ಪ್ರಕರಣ 1975ರ ಮೇ ತಿಂಗಳಿನದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತು ಸಿಡುಬಿನಿಂದ ಮುಕ್ತ ಎಂದು ಘೋಷಿಸಿತು. ಒಂದೂರಿನ ಗಡಿ ದಾಟಿಸಿದ ಮಾರಿ ಪಕ್ಕದೂರಿಗೆ ಹೋಗುತ್ತಾಳೆ ಎಂಬುದೂ ಸತ್ಯವೇ. ಆದರೂ ಆ ಪದ್ಧತಿಯಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ದೂರ ಇಡುವುದಕ್ಕೆ ಅಲ್ಲಿ ಒಂದು ಕೊನೆಯ ದಿನ ಇತ್ತು, ಆ ದಿನ ಬಂದಾಗ ಊರಿಗೆಲ್ಲ ಗೊತ್ತಾಗುತ್ತಿತ್ತು. ಸೀತಾಳೆ ಸಿಡುಬು ಬಂದ ಹುಡುಗನನ್ನು ನಾವು ಸಲೀಸಾಗಿ ಪಕ್ಕದಲ್ಲಿ ಕೂರಿಸಿಕೊಂಡದ್ದು ಈ ಹಳೆಯ ರೂಢಿಯ ಬಲದಿಂದಲೇ ಇರಬೇಕು.

ಅಂಗಳದಲ್ಲೇ ಉಳಿದವರು

ಎಲ್ಲರಿಗೂ ಆ ಕೊನೆಯ ದಿನ ಇರಲಿಲ್ಲ. ಊರಿನ ಮಾರಿ ಕಳೆಯಲು ಬರುವ ಕಳೆಂಜ ನಲಿಕೆಯವರಂಥ ದಲಿತ ಸಮುದಾಯದವನು. ಅವನು ಅಂಗಳದವರೆಗೆ ಬರುತ್ತಾನೆ. ರೋಗ ತೆಗೆದುಕೊಂಡು ಹೋಗುವ ಅಧಿಕಾರ ಅವನಿಗಿತ್ತು, ಜಗಲಿ ಹತ್ತುವ ಅಧಿಕಾರ ಇರಲಿಲ್ಲ.

ಇದಕ್ಕಿಂತ ಕ್ರೂರವಾದದ್ದು ಅಜಲು. ಮನೆಯ ಕಾಯಿಲೆ, ಕೆಡುಕು ಕಳೆಯಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಪದ್ಧತಿ ನಮ್ಮ ಜಿಲ್ಲೆಗಳಲ್ಲಿತ್ತು. ಒಬ್ಬರ ಮೈಯ ರೋಗವನ್ನು ಇನ್ನೊಬ್ಬರ ಮೈಗೆ ದಾಟಿಸಬಹುದು, ಆ ಇನ್ನೊಬ್ಬರು ಇಂಥ ಜಾತಿಯವರೇ ಆಗಿರಬೇಕು ಎಂಬ ನಂಬಿಕೆ ಅದು. ಇದನ್ನು ನಿಷೇಧಿಸಲು ಕರ್ನಾಟಕಕ್ಕೆ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಆ ಕಾಯ್ದೆ ಬಂದದ್ದು 2000ದಲ್ಲಿ. ನಮ್ಮಲ್ಲಿ ಕೆಲವರು ಹುಟ್ಟಿದ ಕಾಲಕ್ಕೆ.

ಹಾಗಾಗಿ ನಮ್ಮ ಶಾಲೆಯ ಬೆಂಚಿಗೆ ರೋಗದ ಭಯ ಬರುವ ಮೊದಲೇ ಮುಟ್ಟಬಾರದೆಂಬ ಪಾಠ ಬಂದಿತ್ತು. 1890ರ ದಶಕದಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಬೇರೆ ಶಾಲೆಗಳನ್ನು ತೆರೆಯಬೇಕಾಗಿ ಬಂದದ್ದು ಉಳಿದ ಶಾಲೆಗಳ ಬೆಂಚಿನಲ್ಲಿ ಅವರಿಗೆ ಜಾಗ ಇರಲಿಲ್ಲವೆಂದೇ. ಯಾರ ಪಕ್ಕ ಕೂರಬಾರದು, ಯಾರ ಲೋಟ ಮುಟ್ಟಬಾರದು, ಯಾರ ಎಂಜಲು ಆಗಬಾರದು ಎಂಬ ಪಟ್ಟಿ ಮಕ್ಕಳಿಗೆ ಮೊದಲೇ ಬಾಯಿಪಾಠವಾಗಿತ್ತು. ಹೊಸ ರೋಗಗಳ ಹೆಸರು ಆ ಪಟ್ಟಿಗೆ ಸೇರುತ್ತಾ ಹೋದವು.

ಕಂಕನಾಡಿಯ ಆಲದ ಮರದಿಂದ

ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿದರು. ಆಲದ ಮರದ ಕೆಳಗೆ ಆರಂಭವಾದ ಆ ಕೆಲಸ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯಾಗಿ ಬೆಳೆದ ಕಥೆ ಎಲ್ಲರಿಗೂ ಗೊತ್ತು. 1890ರಲ್ಲಿ ಅಲ್ಲಿ ಕುಷ್ಠರೋಗಿಗಳಿಗೆಂದು ಸೇಂಟ್ ಜೋಸೆಫ್ ಆಶ್ರಯಧಾಮ ಆರಂಭವಾಯಿತು. 1902ರಲ್ಲಿ ಪ್ಲೇಗ್ ಆಸ್ಪತ್ರೆಯೂ ಬಂತು. ಮನೆಯವರೇ ಕೈಬಿಟ್ಟವರಿಗೆ ಅನ್ನ, ಹಾಸಿಗೆ, ಪಟ್ಟಿ ಕಟ್ಟುವ ಕೈ ಸಿಕ್ಕಿದ್ದು ಅಲ್ಲಿ.

ಮನೆಯವರು ಕೈಬಿಡಲು ಕಾರಣವಿತ್ತು. ಕುಷ್ಠಕ್ಕೆ 'ದೊಡ್ಡ ರೋಗ' ಎಂಬ ಹೆಸರು. ಚರ್ಮದ ಕಾಯಿಲೆಗಳನ್ನು ನಾಗದೋಷಕ್ಕೆ ಜೋಡಿಸುವ ನಂಬಿಕೆ ತುಳುನಾಡಿನಲ್ಲಿ ಇವತ್ತಿಗೂ ಇದೆ. ಮಾರಿ ಹೊರಗಿನಿಂದ ಬಂದವಳು, ದೋಷ ಹಾಗಲ್ಲ. ದೋಷ ಎಂದರೆ ಕುಟುಂಬದ ತಪ್ಪು, ಹಿರಿಯರಿಂದ ಇಳಿದು ಬಂದದ್ದು. ಅಪ್ಪನಿಗೆ ರೋಗವಿದ್ದರೆ ಮಗಳ ಮದುವೆ ನಿಂತಿತು, ಮಗ ಶಾಲೆಯಲ್ಲಿ 'ಅವನ ಮನೆಯವ' ಆದ. ಇಲ್ಲಿ ಸ್ನಾನದ ದಿನ ಇರಲಿಲ್ಲ.

ಆಧುನಿಕ ವಿಜ್ಞಾನ ಬಂದಾಗ ಇದು ಬದಲಾಗಬೇಕಿತ್ತು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಗುರುತಿಸಿದರು. ಶಾಪವಲ್ಲ, ಪಾಪವಲ್ಲ, ಒಂದು ಬ್ಯಾಕ್ಟೀರಿಯಾ ಎಂದು ಗೊತ್ತಾಯಿತು. ಆದರೆ ಅದರಿಂದ ಹುಟ್ಟಿದ್ದು ಇನ್ನೊಂದು ಭಯ. ಹವಾಯಿಯ ಮೊಲೊಕೈ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಫಾದರ್ ಡೇಮಿಯನ್ 1889ರಲ್ಲಿ ಅದೇ ರೋಗದಿಂದ ತೀರಿಕೊಂಡಾಗ ಬ್ರಿಟನ್ನಿನಲ್ಲಿ ದೊಡ್ಡ ಆತಂಕವೆದ್ದಿತು. ಭಾರತದ ಪರಿಸ್ಥಿತಿ ನೋಡಿ ಬರಲು ಒಂದು ಕುಷ್ಠರೋಗ ಆಯೋಗವನ್ನು ಕಳಿಸಿದರು. 1890-91ರಲ್ಲಿ ದೇಶ ಸುತ್ತಿದ ಆಯೋಗ ಕೊಟ್ಟ ವರದಿಯ ಸಾರ ಇಷ್ಟು: ಈ ರೋಗ ಒಬ್ಬರಿಂದೊಬ್ಬರಿಗೆ ಹರಡುವುದು ತೀರಾ ಕಡಿಮೆ, ರೋಗಿಗಳನ್ನು ಬಲವಂತವಾಗಿ ಬೇರ್ಪಡಿಸಲು ಕಾನೂನು ಬೇಕಾಗಿಲ್ಲ.

ಆದರೂ ಕಾನೂನು ಬಂತು. 1898ರ ಕುಷ್ಠರೋಗಿಗಳ ಕಾಯ್ದೆಯ ಪ್ರಕಾರ, ಭಿಕ್ಷೆ ಬೇಡುವ ಬಡ ರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿದು ಆಶ್ರಯಧಾಮಕ್ಕೆ ಸೇರಿಸಬಹುದಿತ್ತು. ಸರ್ಕಾರ ಆದೇಶ ಹೊರಡಿಸಿದ ಕಡೆ ರೋಗಿಗಳು ತಿನ್ನುವ ವಸ್ತು ಮಾಡಿ ಮಾರುವಂತಿರಲಿಲ್ಲ, ಸಾರ್ವಜನಿಕ ಬಾವಿ ಕೆರೆಗಳ ನೀರು ಮುಟ್ಟುವಂತಿರಲಿಲ್ಲ, ರೈಲು ಬಿಟ್ಟು ಬೇರೆ ಬಾಡಿಗೆ ಗಾಡಿ ಹತ್ತುವಂತಿರಲಿಲ್ಲ. ಸ್ವಂತ ಮನೆ, ಸ್ವಂತ ಬಾವಿ ಇದ್ದ ಶ್ರೀಮಂತ ರೋಗಿಗೆ ಇದರಿಂದ ತೊಂದರೆಯಾಗುವುದು ಕಡಿಮೆ. ಬಾವಿ, ಲೋಟ, ಗಾಡಿ: ಈ ಪಟ್ಟಿ ನಮ್ಮೂರಿಗೆ ಹೊಸದಾಗಿರಲಿಲ್ಲ. ಜಾತಿಯ ಹೆಸರಿನಲ್ಲಿ ಇದ್ದದ್ದೇ ಈಗ ಆರೋಗ್ಯದ ಹೆಸರಿನಲ್ಲಿ ಸರ್ಕಾರಿ ಕಾಗದಕ್ಕೆ ಬಂತು.

ಮಕ್ಕಳ ಕಥೆ ಇನ್ನೂ ಕಷ್ಟದ್ದು. ದೇಶದ ಹಲವು ಮಿಷನ್ ಆಶ್ರಯಧಾಮಗಳಲ್ಲಿ ರೋಗಿಗಳ ಆರೋಗ್ಯವಂತ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ, ಪ್ರತ್ಯೇಕ ಮನೆಗಳಲ್ಲಿ ಬೆಳೆಸುತ್ತಿದ್ದರು. ಅವರನ್ನು ಕರೆಯುತ್ತಿದ್ದ ಇಂಗ್ಲಿಷ್ ಹೆಸರಿನ ಅರ್ಥ 'ಕಳಂಕ ತಗಲದ ಮಕ್ಕಳು'. ಉದ್ದೇಶ ಒಳ್ಳೆಯದೇ. ಸೋಂಕು ತಾಗದಿರಲಿ, ಓದಲಿ, ಕೆಲಸ ಕಲಿಯಲಿ. ಆದರೆ ರೋಗವೇ ಇಲ್ಲದ ಮಗುವನ್ನೂ ರೋಗದ ಹೆಸರಿನಿಂದಲೇ ಗುರುತಿಸಿದಂತಾಯಿತು. ನಾಗದೋಷದ ಲೆಕ್ಕವೂ ಆಶ್ರಯಧಾಮದ ಲೆಕ್ಕವೂ ಈ ಒಂದು ಜಾಗದಲ್ಲಿ ಒಂದೇ ಆಗಿದ್ದವು.

ಮಾತ್ರೆ ಬಂತು, ಮಾತು ಉಳಿಯಿತು

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. 1983ರಲ್ಲಿ ಭಾರತದ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ರೋಗದ ಹಂತ ನೋಡಿ ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ತೆಗೆದುಕೊಂಡರೆ ಗುಣವಾಗುತ್ತದೆ. ಚಿಕಿತ್ಸೆ ಶುರುವಾದ ಸ್ವಲ್ಪ ದಿನಕ್ಕೇ ರೋಗಿಯಿಂದ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಂದರೆ 'ದೊಡ್ಡ ರೋಗ'ಕ್ಕೂ ಕೊನೆಗೆ ಒಂದು ಸ್ನಾನದ ದಿನ ಸಿಕ್ಕಿತು. 2005ರ ಕೊನೆಗೆ, ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳಿರುವ ಹಂತವನ್ನು ದೇಶ ತಲುಪಿತು.

ಆ ಸ್ನಾನದ ದಿನ ಊರಿಗೆ ಗೊತ್ತಾಗಲೇ ಇಲ್ಲ. ಕಾನೂನಿಗೂ ತಡವಾಗಿಯೇ ಗೊತ್ತಾಯಿತು. 1898ರ ಕಾಯ್ದೆಯನ್ನು ಪುಸ್ತಕದಿಂದ ಅಳಿಸಿದ್ದು 2016ರಲ್ಲಿ. ಗಂಡ ಅಥವಾ ಹೆಂಡತಿಗೆ ಕುಷ್ಠವಿದೆ ಎಂಬ ಕಾರಣಕ್ಕೆ ವಿಚ್ಛೇದನ ಪಡೆಯುವ ಅವಕಾಶವನ್ನು ತೆಗೆದದ್ದು 2019ರಲ್ಲಿ. ಮಾತ್ರೆ ಬಂದು ಮೂರುವರೆ ದಶಕ ಕಳೆದ ಮೇಲೆ. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ಪಂಕಜ್ ಸಿನ್ಹಾ ಪ್ರಕರಣದಲ್ಲಿ, ಕುಷ್ಠಪೀಡಿತರ ಕುಟುಂಬದ ಮಕ್ಕಳಿಗೆ ಸರ್ಕಾರಿ ಶಾಲೆಯಾಗಲಿ ಖಾಸಗಿ ಶಾಲೆಯಾಗಲಿ ತಾರತಮ್ಯ ಮಾಡಬಾರದು, ಪ್ರವೇಶ ನಿರಾಕರಿಸಬಾರದು ಎಂದು ಹೇಳಿತು. ಈ ರೋಗದ ಬಗ್ಗೆ ಸರಿಯಾದ ಮಾಹಿತಿಯನ್ನು ಶಾಲಾ ಪಠ್ಯದಲ್ಲಿ ಸೇರಿಸುವುದನ್ನು ಪರಿಶೀಲಿಸಿ ಎಂದೂ ಸೂಚಿಸಿತು. ಇಂಥ ಮಾತನ್ನು 2018ರಲ್ಲೂ ಹೇಳಬೇಕಾಗಿ ಬಂತು ಎಂಬುದೇ ಒಂದು ವರದಿ.

ಅದೇ ವಾರ, ಸೆಪ್ಟೆಂಬರ್ 10ರಂದು, ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಜಾರಿಗೆ ಬಂದಿತ್ತು. ಎಚ್‌ಐವಿ ಇದೆ ಎಂದು ಶಾಲೆಯಲ್ಲಿ ಸೀಟು ನಿರಾಕರಿಸುವುದು ಆವತ್ತಿನಿಂದ ಕಾನೂನುಬಾಹಿರ. ಈ ಕಾಯ್ದೆ ಬರುವ ಮೊದಲು ಏನಾಗುತ್ತಿತ್ತು ಎಂಬುದಕ್ಕೆ ಕೊಂಕಣ ರೈಲಿನ ದಾರಿಯಲ್ಲೇ ಒಂದು ಉದಾಹರಣೆಯಿದೆ. 2014ರಲ್ಲಿ ದಕ್ಷಿಣ ಗೋವಾದ ರಿವೋಣದಲ್ಲಿ, ಎಚ್‌ಐವಿ ಇದೆ ಎಂಬ ಕಾರಣಕ್ಕೆ ಅನಾಥಾಶ್ರಮದ 13 ಮಕ್ಕಳನ್ನು ಶಾಲೆಯಿಂದ ದೂರ ಇಡಲಾಯಿತು. ಒತ್ತಾಯ ಮಾಡಿದವರು ಉಳಿದ ಮಕ್ಕಳ ಪೋಷಕರು. ಅಮೆರಿಕದ ಇಂಡಿಯಾನಾದಲ್ಲಿ 1985ರಲ್ಲಿ ರಯಾನ್ ವೈಟ್ ಎಂಬ ಹುಡುಗನಿಗೂ ಹೀಗೆಯೇ ಆಗಿತ್ತು. ಎಚ್‌ಐವಿ ಒಂದೇ ಬೆಂಚಿನಲ್ಲಿ ಕೂತರೆ, ಒಂದೇ ಬುತ್ತಿ ಉಂಡರೆ, ಕೈ ಹಿಡಿದರೆ ಬರುವುದಿಲ್ಲ ಎಂಬುದು ಆಗಲೇ ವೈದ್ಯರಿಗೆ ತಿಳಿದಿತ್ತು. ಮೂರು ದಶಕಗಳ ನಂತರವೂ ಪೋಷಕರ ಸಭೆಗಳಲ್ಲಿ ಅದೇ ಪ್ರಶ್ನೆ ಕೇಳಿಬಂತು.

2020: ಶಾಲೆಯೇ ಕ್ವಾರಂಟೈನ್ ಕೇಂದ್ರ

ನಮ್ಮ ತಲೆಮಾರು ಇದನ್ನೆಲ್ಲ ಕಣ್ಣಾರೆ ನೋಡಿದ್ದು ಕೊರೊನಾ ಕಾಲದಲ್ಲಿ. 2020ರ ಏಪ್ರಿಲ್‌ನಲ್ಲಿ ಉಡುಪಿ ಜಿಲ್ಲೆ ಶಾಂತವಾಗಿತ್ತು. ಮೇ ತಿಂಗಳಲ್ಲಿ ಗಡಿ ತೆರೆದಾಗ ಮುಂಬೈಯಿಂದ ಸಾವಿರಾರು ಜನ ಊರಿಗೆ ಬಂದರು. ಶಾಲೆ, ಹಾಸ್ಟೆಲ್‌ಗಳು ಕ್ವಾರಂಟೈನ್ ಕೇಂದ್ರಗಳಾದವು. ಜೂನ್ ಆರಂಭದಲ್ಲಿ ಕೆಲಕಾಲ ರಾಜ್ಯದಲ್ಲೇ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆ ನಮ್ಮದಾಯಿತು.

ಬಂದವರು ಬೇರೆ ಯಾರೂ ಅಲ್ಲ. ನಮ್ಮ ಮಾವ, ಚಿಕ್ಕಪ್ಪ, ಅಕ್ಕ ಭಾವ. ಮುಂಬೈಯ ಹೋಟೆಲುಗಳಲ್ಲಿ ದುಡಿದು ಊರಿನ ದೇವಸ್ಥಾನಕ್ಕೂ ಶಾಲೆಯ ಕಟ್ಟಡಕ್ಕೂ ಹಣ ಕೊಟ್ಟವರು ಅವರಲ್ಲಿದ್ದರು. ಅದೇ ಕಟ್ಟಡದ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದಾಗ ಅವರು ಇದ್ದಕ್ಕಿದ್ದಂತೆ 'ಮುಂಬೈಯವರು' ಆದರು. 'ಮುಂಬೈಯವರು ಬಂದರಂತೆ, ಆ ದಾರಿಯಲ್ಲಿ ಹೋಗಬೇಡ' ಎಂಬ ಮಾತನ್ನು ಹಿರಿಯರು ಹೇಳಿದರು, ಮಕ್ಕಳು ಕೇಳಿದರು. ಅಂಥ ಮನೆಯ ಮಕ್ಕಳೇ ನಾಳೆ ತಮ್ಮ ಸಹಪಾಠಿಗಳು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಇಲ್ಲೂ ಒಂದು ವ್ಯತ್ಯಾಸ ಗಮನಿಸಿ. ಕರ್ನಾಟಕದಲ್ಲಿ ಮನೆ ಕ್ವಾರಂಟೈನ್‌ನಲ್ಲಿದ್ದವರ ಕೈಗೆ ಹಾಕಿದ ಮುದ್ರೆಯಲ್ಲಿ ಅದು ಯಾವತ್ತು ಮುಗಿಯುತ್ತದೆ ಎಂಬ ದಿನಾಂಕವಿತ್ತು. ಸರ್ಕಾರದ ಲೆಕ್ಕದಲ್ಲಿ ಕೊನೆಯ ದಿನ ಇತ್ತು. ಊರಿನ ಲೆಕ್ಕದಲ್ಲಿ ಕೆಲವು ಮನೆಗಳಿಗೆ ಆ ದಿನ ಬೇಗ ಬಂತು, ಕೆಲವಕ್ಕೆ ತಡವಾಗಿ. ಹಣ, ಜಾತಿ, ಧರ್ಮ, ಬಾಡಿಗೆ ಮನೆಯೋ ಸ್ವಂತ ಮನೆಯೋ ಎಂಬುದೆಲ್ಲ ಅದನ್ನು ತೀರ್ಮಾನಿಸಿದವು. ನಂದಿಕೂರಿನ ಕೈಗಾರಿಕಾ ಪ್ರದೇಶಕ್ಕೆ ಹೊರರಾಜ್ಯಗಳಿಂದ ದುಡಿಯಲು ಬಂದವರ ಮಕ್ಕಳು ಇವತ್ತು ನಮ್ಮ ಕನ್ನಡ ಶಾಲೆಗಳಲ್ಲಿ ಕೂತಿದ್ದಾರೆ. ಮುಂದೆ ಯಾವುದಾದರೂ ಜ್ವರ ಹರಡಿದರೆ ಮೊದಲು ಯಾರ ಕಡೆ ಬೆರಳು ತೋರಿಸುತ್ತೇವೆ ಎಂದು ಈಗಲೇ ಯೋಚಿಸಿಕೊಳ್ಳುವುದು ಒಳ್ಳೆಯದು.

ಮುಟ್ಟಾಟದ ನಿಯಮ

ಮಕ್ಕಳು ಇದನ್ನೆಲ್ಲ ಆಟದಲ್ಲೂ ಆಡುತ್ತಾರೆ. ಇಂಗ್ಲೆಂಡಿನ ಶಾಲಾ ಮಕ್ಕಳ ಆಟಗಳನ್ನು ಸಂಗ್ರಹಿಸಿದ ಐಯೋನಾ ಮತ್ತು ಪೀಟರ್ ಓಪಿ ದಂಪತಿ, ಮುಟ್ಟಿದರೆ ರೋಗ ದಾಟುವ ಮುಟ್ಟಾಟಗಳನ್ನು 1960ರ ದಶಕದಲ್ಲೇ ದಾಖಲಿಸಿದ್ದಾರೆ. ಕೊರೊನಾ ಬಂದಾಗ ಹಲವು ದೇಶಗಳ ಮಕ್ಕಳು ಅದೇ ಹೆಸರಿನಲ್ಲಿ ಮುಟ್ಟಾಟ ಆಡಿದರು. ಆಟದಲ್ಲಿ ಒಂದು ನ್ಯಾಯವಿದೆ. ಪ್ರತಿಯೊಬ್ಬರಿಗೂ ಸರದಿ ಬರುತ್ತದೆ, ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ತರಗತಿಗೆ ಹೋಗುತ್ತಾರೆ. ಒಬ್ಬನೇ ಹುಡುಗ ದಿನವೂ ಔಟ್ ಆಗಿರಬೇಕು ಎಂಬ ನಿಯಮವನ್ನು ಮಕ್ಕಳು ದೊಡ್ಡವರಿಂದ ಕಲಿಯುತ್ತಾರೆ.

ಇದರಿಂದ ಆಗುವ ನಷ್ಟ ಬರೀ ಮನಸ್ಸಿನದ್ದಲ್ಲ. ದೇಶದಲ್ಲಿ ಈಗಲೂ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ಕುಷ್ಠರೋಗಿಗಳು ಪತ್ತೆಯಾಗುತ್ತಾರೆ, ಅವರಲ್ಲಿ ಮಕ್ಕಳೂ ಇದ್ದಾರೆ. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡ ಕೂಡಲೇ ಹೇಳಿಕೊಂಡರೆ ಮಾತ್ರೆಯಲ್ಲಿ ಮುಗಿಯುತ್ತದೆ. ತರಗತಿಯ ನಗೆಗೆ ಹೆದರಿ ಉದ್ದ ತೋಳಿನ ಅಂಗಿಯೊಳಗೆ ಮುಚ್ಚಿಟ್ಟರೆ ನರಗಳು ಹಾಳಾಗಿ ಬೆರಳು ಮಡಚಿಕೊಳ್ಳುತ್ತವೆ. ಆ ಊನ ರೋಗಾಣುವಿನಿಂದ ಅರ್ಧ ಬಂದರೆ ನಾಚಿಕೆಯಿಂದ ಅರ್ಧ ಬರುತ್ತದೆ. ಕ್ಷಯದಲ್ಲೂ ಇದೇ ಕಥೆ. ಸರಿಯಾದ ಔಷಧಿ ಶುರುವಾಗಿ ಎರಡು ವಾರವಾದರೆ ಸಾಮಾನ್ಯವಾಗಿ ಹರಡುವುದಿಲ್ಲ, ಆದರೆ ಮಾತ್ರೆ ಆರು ತಿಂಗಳು ಬೇಕು. ಗೆಳೆಯರಿಗೆ ಗೊತ್ತಾಗುತ್ತದೆ ಎಂದು ನಡುವೆ ಬಿಟ್ಟರೆ ರೋಗ ಮತ್ತಷ್ಟು ಗಟ್ಟಿಯಾಗಿ ಬರುತ್ತದೆ.

ನಮ್ಮಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ. ಒಂದೊಂದು ಬಸ್ಸಿನಲ್ಲೂ ನರ್ಸಿಂಗ್ ಓದುವ ಮಕ್ಕಳು ಸಿಗುತ್ತಾರೆ. ಜನವರಿ 30ರಂದು, ಗಾಂಧೀಜಿ ತೀರಿಕೊಂಡ ದಿನ, ಕುಷ್ಠರೋಗ ವಿರೋಧಿ ದಿನ ಆಚರಿಸುತ್ತೇವೆ. ಸೇವಾಗ್ರಾಮದಲ್ಲಿ ಕುಷ್ಠಪೀಡಿತರಾಗಿದ್ದ ಪರಚುರೆ ಶಾಸ್ತ್ರಿಗಳ ಮೈಯನ್ನು ಅವರು ಕೈಯಾರೆ ತಿಕ್ಕಿ ಆರೈಕೆ ಮಾಡಿದ್ದನ್ನು ನೆನಪಿಸುತ್ತೇವೆ. 2017ರಿಂದ ಅದೇ ದಿನ ನಡೆಯುವ ಅಭಿಯಾನದ ಹೆಸರೇ 'ಸ್ಪರ್ಶ'. ಪ್ರತಿಜ್ಞೆ ಓದುತ್ತೇವೆ, ಫೋಟೋ ತೆಗೆಯುತ್ತೇವೆ.

ಇಲ್ಲದಿರುವುದು ಮರಳುವ ದಿನದ ಏರ್ಪಾಡು. ಕಾಯಿಲೆ ಬಂದ ಮಗು ಎಷ್ಟು ದಿನ ಮನೆಯಲ್ಲಿರಬೇಕು ಎಂದು ಶಾಲೆ ಹೇಳುತ್ತದೆ. ಮರಳಿ ಬಂದ ಬೆಳಿಗ್ಗೆ ಅದು ಎಲ್ಲಿ ಕೂರುತ್ತದೆ, ಊಟದ ಸಾಲಿನಲ್ಲಿ ಪಕ್ಕ ಯಾರು, ಟೀಚರ್ ಮೊದಲು ಏನು ಹೇಳುತ್ತಾರೆ ಎಂಬುದನ್ನು ಯಾರೂ ಯೋಚಿಸಿರುವುದಿಲ್ಲ. ರೋಗದ ಹೆಸರನ್ನು ತರಗತಿಗೆ ಹೇಳಬೇಕಾಗಿಲ್ಲ. ಅದನ್ನು ಗುಟ್ಟಾಗಿಡುವುದು ಮಗುವಿನ ಹಕ್ಕು. 'ಬಾ, ನಿನ್ನ ಜಾಗ ಇಲ್ಲೇ ಇದೆ' ಎಂದು ಹಳೆಯ ಬೆಂಚಿಗೇ ಕರೆದರೆ ಸಾಕು, ಉಳಿದ ಮೂವತ್ತು ಮಕ್ಕಳು ಪಾಠ ಕಲಿಯುತ್ತಾರೆ. ಮಾರಿಯ ಕಾಲದಲ್ಲಿ ಊರು ಇಷ್ಟನ್ನಾದರೂ ಮಾಡುತ್ತಿತ್ತು.

ನಮ್ಮ ತರಗತಿಯ ಆ ಹುಡುಗಿಗೆ ಅಂಥ ಒಂದು ಬೆಳಿಗ್ಗೆ ಸಿಗಲಿಲ್ಲ. ಅವಳ ಪಕ್ಕದ ಖಾಲಿ ಜಾಗದಲ್ಲಿ ಮಾಸ್ಟ್ರು ಒಂದು ದಿನ ತಟ್ಟೆ ಇಟ್ಟು ಕೂತಿದ್ದರೆ ಮರುದಿನ ನಾವೂ ಕೂರುತ್ತಿದ್ದೆವು. ನಾವೇ ಮೊದಲು ಕೂರಬಹುದಿತ್ತು. ಅದು ನಮಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು.